ಅವಲಕ್ಕಿಯ ಜೊತೆ ಬರುವ ಪ್ರಶ್ನೆ

ಗಾಡಿ ಓಡಿಸುವುದೇ ಡ್ರೈವರನ ಕೆಲಸ ಎಂದುಕೊಂಡವರು ಒಂದು ದಿನವೂ ಆ ಸೀಟಿನಲ್ಲಿ ಕೂತವರಲ್ಲ. ಓಡಿಸುವುದು ಕಾಲು ಭಾಗ, ಮಿಕ್ಕಿದ್ದೆಲ್ಲ ಕಾಯುವುದು. ಕಲ್ಯಾಣ ಮಂಟಪದ ಹೊರಗೆ, ಆಸ್ಪತ್ರೆಯ ಹೊರಗೆ, ತಹಶೀಲ್ದಾರ್ ಕಚೇರಿಯ ಬೇವಿನ ಮರದ ಕೆಳಗೆ, ಯಾರದೋ ಬೀಗರ ಅಂಗಳದಲ್ಲಿ ಕಾಯುತ್ತಲೇ ನನ್ನ ಇಪ್ಪತ್ತಾರು ವರ್ಷ ಹೋದವು. ಈಗ ಯಾರಾದರೂ "ಹತ್ತ ಮಿನಿಟ್‌ನ್ಯಾಗ ಬಂದ್ವಿ" ಎಂದರೆ ಸಾಕು, ನನ್ನ ಸೊಂಟ ತಾನಾಗಿ ನೋಯಲು ಶುರು ಮಾಡುತ್ತದೆ.

ಮೊದಲ ಆರು ವರ್ಷ ಕಾಗವಾಡದಿಂದ ಮಿರಜಿಗೆ ಜೀಪು ಓಡಿಸಿದೆ. ಸೀಟು ತುಂಬುವವರೆಗೆ ನಿಂತು, ತುಂಬಿದ ಮೇಲೂ ಇನ್ನಿಬ್ಬರಿಗೆ ಕಾದು ಹೊರಡುವ ಈ ಗಾಡಿಗೆ ನಮ್ಮ ಗಡಿಭಾಗದಲ್ಲಿ ವಡಾಪ ಎನ್ನುತ್ತಾರೆ. ಒಳಗೆ ಜಾಗ ಸಾಲದೆ ನನ್ನ ಸೀಟಿನಲ್ಲೇ ನನ್ನ ಬಲಕ್ಕೊಬ್ಬನನ್ನು ಕೂರಿಸಿಕೊಂಡು, ಓರೆಯಾಗಿ ಕೂತು ಸ್ಟೇರಿಂಗ್ ತಿರುಗಿಸಿದ್ದೇನೆ. ಆ ಓರೆ ಇವತ್ತಿಗೂ ನನ್ನ ಬೆನ್ನಿನಲ್ಲಿದೆ. ಆಮೇಲೆ ಒಂಬತ್ತು ವರ್ಷ ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿ ಇದ್ದ ಮಾಲೀಕರೊಬ್ಬರ ಮನೆಯ ಕಾರು. ಅದು ಬಿಟ್ಟ ಮೇಲೆ ಹನ್ನೊಂದು ವರ್ಷದಿಂದ ಚಿಕ್ಕೋಡಿಯಿಂದ ರಾಯಬಾಗಕ್ಕೆ ನೌಕರರನ್ನು ಒಯ್ಯುವ ಗಾಡಿ. ಬೆಳಗ್ಗೆ ಎಂಟಕ್ಕೆ ಹೊರಟು ಮಾಸ್ತರರು, ನರ್ಸಮ್ಮಂದಿರು, ಕಚೇರಿಯ ಗುಮಾಸ್ತರನ್ನು ಅವರವರ ಬಾಗಿಲಿಗೆ ಇಳಿಸುತ್ತೇನೆ. ಸಂಜೆ ಐದರವರೆಗೆ ಗಾಡಿಯಲ್ಲೇ ಕಾಲು ಮಡಚಿ ಮಲಗುತ್ತೇನೆ. ಮತ್ತೆ ಅವರನ್ನೇ ಹೆಕ್ಕಿಕೊಂಡು ವಾಪಸು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಹರಿದಾಡುತ್ತ ಮನೆ ಮುಟ್ಟುವ ಹೊತ್ತಿಗೆ ನನಗೆ ಹೆಂಡತಿಯ ಜೊತೆ ಜಗಳವಾಡಲೂ ತ್ರಾಣ ಇರುವುದಿಲ್ಲ. ಅದೊಂದು ಲಾಭ ಎಂದು ಅವಳು ಹೇಳುತ್ತಾಳೆ.

ಆದರೆ ನಾನು ಹೇಳಹೊರಟಿದ್ದು ಬೆನ್ನುನೋವಿನ ಕಥೆಯಲ್ಲ. ನಾನು ಹೇಳಿದ ಒಂದು ಮಾತಿನದು.

ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಒಳಗೆ ಒಂದು ಮಾತುಕತೆ ನಡೆಯುತ್ತದೆ, ಹೊರಗೆ ಗಾಡಿಯ ಹತ್ತಿರ ಇನ್ನೊಂದು. ಒಳಗೆ ಗಂಡಿನವರು ಜಮಖಾನದ ಮೇಲೆ ಕೂತು ಅವಲಕ್ಕಿ ತಿನ್ನುವಾಗ ಡ್ರೈವರನಿಗೂ ಒಂದು ತಟ್ಟೆ ಹೊರಗೆ ಬರುತ್ತದೆ. ಉಳಿದ ದಿನ ನಮ್ಮನ್ನು ಯಾರೂ ಕೇಳುವುದಿಲ್ಲ. ಮದುವೆಯ ಊಟದಲ್ಲಿ ಕೊನೆಯ ಪಂಕ್ತಿ ನಮ್ಮದು. ಹೆಣ್ಣು ನೋಡುವ ದಿನ ಮಾತ್ರ ಆ ತಟ್ಟೆಯನ್ನು ಹೆಣ್ಣಿನ ತಂದೆಯೋ ಸೋದರಮಾವನೋ ಸ್ವತಃ ತರುತ್ತಾರೆ. ತಂದವರು ಹೋಗುವುದಿಲ್ಲ. ಬಿಸಿಲು, ಮಳೆ, ರಸ್ತೆಯ ತಗ್ಗು ಎಲ್ಲ ಮಾತಾಡಿ ಮುಗಿಸಿ, ಧ್ವನಿ ಸಣ್ಣದು ಮಾಡಿ ಕೇಳುತ್ತಾರೆ: ಹುಡುಗ ಹೇಗಿದ್ದಾನೆ? ಮನೆಯ ಮಂದಿ ಹೇಗೆ?

ಇದಕ್ಕೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. "ಛಲೋ ಮಂದಿರಿ, ಏನೂ ಕಾಳಜಿ ಮಾಡಬ್ಯಾಡ್ರಿ." ಅಥಣಿಯವನಿರಲಿ, ನಿಪ್ಪಾಣಿಯವನಿರಲಿ, ಯಾವ ಡ್ರೈವರನಾದರೂ ಇದನ್ನೇ ಹೇಳುತ್ತಾನೆ. ನನಗೆ ಗಾಡಿ ಕಲಿಸಿದ ಹಿರಿಯ ಡ್ರೈವರ್ ಗೇರು ಬದಲಿಸುವುದಕ್ಕಿಂತ ಮೊದಲು ಇದನ್ನು ಕಲಿಸಿದ್ದ. ಗಾಡಿಯಲ್ಲಿ ಕೇಳಿದ್ದನ್ನು ಗಾಡಿಯಲ್ಲೇ ಬಿಟ್ಟು ಇಳಿಯಬೇಕು, ಇಲ್ಲದಿದ್ದರೆ ಮರುದಿನ ಹತ್ತಲು ಗಾಡಿ ಇರುವುದಿಲ್ಲ ಎಂದು. ನಾನು ಎಷ್ಟು ಅಂಗಳಗಳಲ್ಲಿ ಈ ಉತ್ತರ ಕೊಟ್ಟೆನೋ ಲೆಕ್ಕವಿಲ್ಲ. ಬಹುತೇಕ ಅದು ನಿಜವೂ ಆಗಿತ್ತು.

ನಿಪ್ಪಾಣಿಯ ಮಾಲೀಕರಿಗೆ ಒಬ್ಬನೇ ಮಗ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಮೆತ್ತಗಿನ ಸ್ವಭಾವ, ಒಂದು ದಿನವೂ ನನಗೆ ಏರಿದ ದನಿಯಲ್ಲಿ ಮಾತಾಡಿದವನಲ್ಲ. ಪ್ರತಿ ಗುರುವಾರ ಅವನನ್ನು ನಾನು ಇಚಲಕರಂಜಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ಮಗ್ಗದ ಸದ್ದು ತುಂಬಿದ ಒಂದು ಓಣಿಯ ಬಾಯಿಗೆ ಗಾಡಿ ನಿಲ್ಲಿಸಿ ಸಂಜೆಯವರೆಗೆ ಕಾಯುವುದು. ಓಣಿಯ ಒಳಗಿನ ಎರಡು ಕೋಣೆಯ ಮನೆಯಲ್ಲಿ ಒಬ್ಬ ಹೆಂಗಸು ಇದ್ದಳು, ಅವರಿಬ್ಬರಿಗೂ ಹುಟ್ಟಿದ ಎರಡು ವರ್ಷದ ಗಂಡು ಮಗುವಿತ್ತು. ಅವಳು ನನಗೆ ಚಹಾ ಕಳಿಸುತ್ತಿದ್ದಳು. ಒತ್ತಿದರೆ ಪೀಪಿ ಎನ್ನುವ ಚಪ್ಪಲಿ ಹಾಕಿಕೊಂಡು ಮಗು ಓಣಿಯ ತುಂಬ ಓಡಾಡುತ್ತಿತ್ತು, ನನ್ನನ್ನು ಮಾಮಾ ಎನ್ನುತ್ತಿತ್ತು. ಅವಳನ್ನು ಮದುವೆಯಾಗಲು ಮನೆಯವರು ಒಪ್ಪಲಿಲ್ಲ, ಬಿಡಲು ಇವನಿಗೆ ಆಗಲಿಲ್ಲ. ಅಪ್ಪ ಅಮ್ಮನಿಗೆ ಎಲ್ಲ ಗೊತ್ತಿತ್ತು. ಒಂದು ಒಳ್ಳೆಯ ಮನೆಯ ಹುಡುಗಿ ಬಂದರೆ ಮಗ ದಾರಿಗೆ ಬರುತ್ತಾನೆ ಎಂದುಕೊಂಡಿದ್ದರು. ನಿಪ್ಪಾಣಿಯಲ್ಲಿ ಹೆಣ್ಣು ಕೇಳುವಂತಿರಲಿಲ್ಲ, ಗುರುವಾರದ ಸುದ್ದಿ ಅಲ್ಲಿ ಹಲವರಿಗೆ ಗೊತ್ತಿತ್ತು. ಹಾಗಾಗಿ ಸುದ್ದಿ ಮುಟ್ಟದ ಹಳ್ಳಿಗಳಲ್ಲಿ ಹುಡುಕಿದರು.

ಅಂಥ ಒಂದು ಮನೆ ಸದಲಗಾದ ಹತ್ತಿರ, ದೂಧಗಂಗಾ ಹೊಳೆಯ ದಂಡೆಯಲ್ಲಿತ್ತು. ಸ್ವಲ್ಪ ಹೊಲ, ನಾಲ್ಕು ಎಮ್ಮೆ, ಒಬ್ಬಳೇ ಮಗಳು. ನಾವು ಹೋದದ್ದು ಮಧ್ಯಾಹ್ನ. ನಾನು ಗಾಡಿಯನ್ನು ಮೇವಿನ ಬಣವೆಯ ನೆರಳಿಗೆ ನಿಲ್ಲಿಸಿ ಕಲ್ಲಿನ ಮೇಲೆ ಕೂತಿದ್ದೆ. ಹುಡುಗಿಯ ತಂದೆ ಅವಲಕ್ಕಿ ತಟ್ಟೆ ಹಿಡಿದು ಬಂದರು. ಬಿಳಿ ಟೊಪ್ಪಿಗೆ, ಆಗಷ್ಟೇ ತೊಳೆದ ಒದ್ದೆ ಕಾಲು. ತಟ್ಟೆ ಕೊಟ್ಟು ನನ್ನ ಎದುರಿಗೆ ನೆಲದ ಮೇಲೆಯೇ ಕೂತರು. ನಾನು ಎದ್ದು ನಿಂತೆ. ತೋಳು ಹಿಡಿದು ಕೂರಿಸಿದರು.

"ಒಂದ ಮಾತ ಕೇಳ್ತೀನಿ ತಮ್ಮಾ, ಸಿಟ್ಟಿಗಿ ಏಳಬ್ಯಾಡ."

"ಕೇಳ್ರಿ ಕಾಕಾ."

"ಅವರು ನಮಗಿಂತ ಭಾಳ ದೊಡ್ಡ ಮಂದಿ. ನಿಪ್ಪಾಣಿ ಬಿಟ್ಟು ನಮ್ಮ ಮನಿಗಿ ಯಾಕ ಬಂದ್ರು ಅಂತ ನನಗ ತಿಳಿವಲ್ದು. ಅವರನ್ನ ಕೇಳಿದ್ರ ಅವರು ಹೇಳ್ತಾರೇನ? ಹುಡಗನ್ನ ನೀ ದಿನಾ ನೋಡ್ತಿ. ಖರೇ ಹೇಳ. ನನಗ ಇರಾಕಿ ಒಬ್ಬಾಕಿ."

ನಾನು ಅವಲಕ್ಕಿಯನ್ನು ಬಾಯಿಗೆ ಹಾಕಿಕೊಂಡೆ. ಅಗಿಯುವಷ್ಟು ಹೊತ್ತು ಸಿಕ್ಕಿತು. ಮಾಲೀಕರು ನನ್ನ ಹೆಂಡತಿ ಬೇನೆಯಲ್ಲಿ ಮಲಗಿದಾಗ ಕಾರು ಕಳಿಸಿ ಮಿರಜಿನ ಆಸ್ಪತ್ರೆಗೆ ಸೇರಿಸಿದ್ದರು. ಅವರ ಹೆಂಡತಿ ನನ್ನ ಮಗಳ ಶಾಲೆಗೆ ಪುಸ್ತಕ ಕೊಡಿಸಿದ್ದರು. ಇಷ್ಟೆಲ್ಲ ಆ ಒಂದು ತುತ್ತಿನಲ್ಲಿ ನೆನಪಾಯಿತು. ಇಚಲಕರಂಜಿಯ ಓಣಿಯೂ ನೆನಪಾಯಿತು.

"ಯಾವ ಚಟಾನೂ ಇಲ್ರಿ ಕಾಕಾ," ಎಂದೆ. "ಸೆರೆ ಮುಟ್ಟಂಗಿಲ್ಲ. ಇಷ್ಟ ತಂಬಾಕ ಮನ್ಯಾಗ ಇದ್ರೂ ಒಂದ ಚಿಟಿಕಿ ಬಾಯಾಗ ಹಾಕಿದ್ದ ನಾ ನೋಡಿಲ್ಲ. ಸಿಟ್ಟು ಸೆಡವು ಅಂತೂ ಗೊತ್ತಽ ಇಲ್ಲ. ಛಲೋ ಮಂದಿರಿ, ಏನೂ ಕಾಳಜಿ ಮಾಡಬ್ಯಾಡ್ರಿ."

ಒಂದೊಂದು ಮಾತೂ ಸತ್ಯ. ಬೇಕಾದರೆ ದೇವರ ಮುಂದೆ ನಿಂತು ಹೇಳಬಹುದಾದಷ್ಟು ಸತ್ಯ. ಹೀಗೆ ಸತ್ಯಗಳನ್ನೇ ಆರಿಸಿ ಜೋಡಿಸಿ ಒಬ್ಬ ಮನುಷ್ಯನಿಗೆ ಮೋಸ ಮಾಡಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರ ಮುಖ ಸಡಿಲವಾಯಿತು. ಒಳಗೆ ಹೋಗಿ ಇನ್ನೊಂದು ಸೌಟು ಅವಲಕ್ಕಿ ತಂದು, ನಾನು ಬೇಡವೆಂದರೂ ಹಾಕಿದರು. ಅದನ್ನೂ ತಿಂದೆ. ಎರಡು ತಿಂಗಳಿಗೆ ಮದುವೆಯಾಯಿತು.

ಮದುವೆಯಾದ ಮೇಲೂ ಗುರುವಾರಗಳು ನಿಲ್ಲಲಿಲ್ಲ. ಪ್ರತಿ ಗುರುವಾರ ಸಂಜೆ ವಾಪಸು ಬಂದ ಕೂಡಲೇ ನಾನು ಹಿಂದಿನ ಸೀಟು ಝಾಡಿಸಿ ಬಿಸ್ಕೀಟಿನ ಪುಡಿ, ಮಗುವಿನ ಕೂದಲು ಏನೂ ಉಳಿಯದಂತೆ ಒರೆಸುತ್ತಿದ್ದೆ. ಯಾರೂ ಹೇಳಿರಲಿಲ್ಲ. ಹೇಳದೆಯೇ ಮಾಡುತ್ತಿದ್ದೆ ಎನ್ನುವುದೇ ಈಗ ನಾಚಿಕೆ. ಒಂದು ಗುರುವಾರ ಎಂದಿನಂತೆ ಮಗುವನ್ನು ಸ್ವಲ್ಪ ದೂರ ಸುತ್ತಾಡಿಸಿ ತಂದಿದ್ದೆವು. ಅದರ ಒಂದು ಚಪ್ಪಲಿ ಸೀಟಿನ ಕೆಳಗೆ ಉಳಿದಿತ್ತು. ಬೇರೆ ಯಾರಾಗಿದ್ದರೂ ಕಿಟಕಿಯಿಂದ ಆಚೆ ಎಸೆಯುತ್ತಿದ್ದರು. ಆದರೆ ಗಾಡಿಯಲ್ಲಿ ಯಾರಾದರೂ ಬಿಟ್ಟುಹೋದದ್ದನ್ನು ಡ್ರೈವರ್ ಎಸೆಯುವುದಿಲ್ಲ. ಕೊಡೆ, ಕನ್ನಡಕ, ಮಾತ್ರೆಯ ಚೀಟಿ, ಏನೇ ಇರಲಿ ಎತ್ತಿಟ್ಟು ತಿರುಗಿ ಕೊಡುತ್ತೇವೆ. ವಡಾಪದ ದಿನಗಳಿಂದ ಕೈಗೆ ಹತ್ತಿದ ರೂಢಿ. ಮುಂದಿನ ಗುರುವಾರ ಕೊಟ್ಟರಾಯಿತು ಎಂದು ಚಪ್ಪಲಿಯನ್ನು ಮುಂದಿನ ಸೀಟಿನ ಎದುರಿಗಿರುವ ಡಬ್ಬಿಯಲ್ಲಿ, ಗಾಡಿಯ ಕಾಗದಗಳ ಮೇಲೆ ಇಟ್ಟು ಮುಚ್ಚಿದೆ.

ಆ ವಾರವೇ ನಾಗರ ಪಂಚಮಿ. ಸೊಸೆಯನ್ನು ತವರಿಗೆ ಬಿಟ್ಟು ಬರಲು ನನಗೆ ಹೇಳಿದರು. ಹಿಂದಿನ ಸೀಟಿನ ತುಂಬ ಉಂಡಿಯ ಡಬ್ಬಿಗಳು, ಬಟ್ಟೆಯ ಗಂಟುಗಳು. ಆ ಹುಡುಗಿ ಮುಂದೆ ನನ್ನ ಪಕ್ಕದ ಸೀಟಿನಲ್ಲಿ ಕೂತಳು. ತವರಿಗೆ ಹೋಗುವ ಸಂತೋಷಕ್ಕೆ ಬಾಯಿ ನಿಲ್ಲುತ್ತಿರಲಿಲ್ಲ. ಯಾವ ಎಮ್ಮೆ ಈದಿದೆ, ಜೋಕಾಲಿ ಯಾವ ಮರಕ್ಕೆ ಕಟ್ಟುತ್ತಾರೆ ಎಲ್ಲ ಹೇಳುತ್ತಿದ್ದಳು. ಅವಳು ಹಿಡಿದುಕೊಂಡಿದ್ದ ಗಿಂಡಿ ಸೋರಿ ಕೈಗೆ ತುಪ್ಪ ಹತ್ತಿತು. ಒರೆಸಲು ಏನಾದರೂ ಇದೆಯೇ ಎಂದು ತಾನೇ ಸೀಟಿನ ಎದುರಿನ ಆ ಡಬ್ಬಿ ತೆರೆದಳು. ನಾನು ಎದುರಿಗೆ ಬರುತ್ತಿದ್ದ ಬಸ್ಸಿಗೆ ದಾರಿ ಬಿಡುತ್ತಿದ್ದೆ. ಚಪ್ಪಲಿ ಅವಳ ಕೈಯಲ್ಲಿ ಪೀಪಿ ಎಂದಿತು.

"ಯಾರದ್ದ ಇದು ಡ್ರೈವರಣ್ಣ?"

ನನ್ನ ತಂಗಿಯ ಮಗುವಿನದು ಎಂದರೆ ಮುಗಿಯುತ್ತಿತ್ತು. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ತಂದೆಯ ಎದುರು ಅಷ್ಟು ಸಲೀಸಾಗಿ ಮಾತು ಜೋಡಿಸಿದ ನನಗೆ ಮಗಳ ಎದುರು ಒಂದು ಸಣ್ಣ ಸುಳ್ಳೂ ಬಾಯಿಗೆ ಬರಲಿಲ್ಲ. ರಸ್ತೆ ನೋಡುತ್ತ ಕೂತೆ.

"ಗುರುವಾರ ಗುರುವಾರ ಎಲ್ಲಿಗಿ ಹೋಗ್ತೀರಿ ನೀವು?" ಎಂದಳು.

ಅದಕ್ಕೂ ನಾನು ಮಾತಾಡಲಿಲ್ಲ. ದಾರಿಯುದ್ದಕ್ಕೂ ಅವಳು ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮನೆ ಬಂದ ಮೇಲೆ ಅದನ್ನು ಡಬ್ಬಿಯಲ್ಲಿ ತಾನೇ ತಿರುಗಿ ಇಟ್ಟು ಮುಚ್ಚಿದಳು. ಇಳಿದು, "ಹುಷಾರಾಗಿ ಹೋಗ್ರಿ ಅಣ್ಣಾ," ಎಂದಳು. ನಾನು ಗಾಡಿ ತಿರುಗಿಸಿದವನು ಬೋರಗಾಂವದ ಹತ್ತಿರ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ಹಬ್ಬ ಮುಗಿದ ಮೇಲೆ ಅವಳನ್ನು ಕರೆತರಲು ನನ್ನನ್ನೇ ಕಳಿಸಿದರು. ಅವಳ ತಂದೆ ರಸ್ತೆಯಲ್ಲೇ ನಿಂತಿದ್ದರು, ಟೊಪ್ಪಿಗೆ ಇರಲಿಲ್ಲ.

"ಆಕಿ ಬರಂಗಿಲ್ಲ ತಮ್ಮಾ. ನಿಮ್ಮ ಮಾಲಕರಿಗಿ ಹೇಳ. ಯಾಕ ಅಂತ ಅವರಿಗಿ ಗೊತ್ತೈತಿ."

ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನು ಅವರು ಬೇರೆ ರೀತಿಯಲ್ಲಿ ತಿಳಿದುಕೊಂಡರು.

"ನೀ ಯಾಕ ಮಾರಿ ಸಣ್ಣದ ಮಾಡ್ಕೋತಿ? ನಿಂದೇನ ತಪ್ಪ ಐತಿ? ಎಲ್ಲಾ ಮುಚ್ಚಿ ಮಾಡವರು ಡ್ರೈವರ್‌ಗ ಹೇಳಿ ಮಾಡ್ತಾರೇನ? ಬಿಸಲಾಗ ಬಂದಿ, ಮಜ್ಜಿಗಿ ಕುಡದ ಹೋಗ."

ದೊಡ್ಡ ಲೋಟದ ತುಂಬ ಮಜ್ಜಿಗೆ ತಂದರು. ಕುಡಿದೆ. ನಾನು ಜೀವನದಲ್ಲಿ ಕುಡಿದ ಅತಿ ಕಷ್ಟದ ವಸ್ತು ಅದು. ಆ ವರ್ಷದ ದೀಪಾವಳಿಗೆ ಮೊಣಕಾಲು ನೋವು ಎಂದು ಹೇಳಿ ನಿಪ್ಪಾಣಿಯ ಕೆಲಸ ಬಿಟ್ಟೆ. ಹೆಂಡತಿಗೂ ಮೊಣಕಾಲೇ ಎಂದು ಹೇಳಿದೆ. ಅವಳು ಹಲವು ತಿಂಗಳು ಎಣ್ಣೆ ತಿಕ್ಕಿದಳು.

ಹನ್ನೊಂದು ವರ್ಷ ದಿನಕ್ಕೆರಡು ಸಲ ಅದೇ ರಸ್ತೆಯಲ್ಲಿ ಅದೇ ಮಂದಿಯನ್ನು ಒಯ್ದು ತಂದೆ. ಮಾಸ್ತರರು ವರ್ಗವಾಗಿ ಹೋದರು, ಹೊಸಬರು ಬಂದರು, ನಾನು ಅಲ್ಲೇ ಇದ್ದೆ. ಅಷ್ಟರಲ್ಲಿ ನನ್ನ ಮಗಳು ಬೆಳೆದು ಓದಿ, ಚಿಕ್ಕೋಡಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಹತ್ತಿದಳು. ನನಗೂ ಒಬ್ಬಳೇ. ಹೋದ ಚಳಿಗಾಲದಲ್ಲಿ ಉಗಾರ ಬುದ್ರುಕದಿಂದ ಒಂದು ಸಂಬಂಧ ಬಂತು. ಹುಡುಗ ದನದ ಆಸ್ಪತ್ರೆಯಲ್ಲಿ ಕಂಪೌಂಡರ್, ಮನೆಯಲ್ಲಿ ಅಪ್ಪ, ಅವ್ವ, ಸ್ವಲ್ಪ ಕಬ್ಬು. ರವಿವಾರ ನೋಡಲು ಬರುತ್ತೇವೆ ಎಂದು ತಿಳಿಸಿದರು.

ಶನಿವಾರದಿಂದಲೇ ನನ್ನ ಜೀವ ಸರಿ ಇರಲಿಲ್ಲ. ಹೆಂಡತಿ ಈರುಳ್ಳಿ ಹೆಚ್ಚುತ್ತ ಹೇಳಿದಳು: "ನಾಳಿ ನೀವು ಒಳಗ ಗಪ್ಪ ಕುಂದರಬ್ಯಾಡ್ರಿ. ಹೊರಗ ಹೋಗಿ ಅವರ ಡ್ರೈವರ್‌ನ್ನ ಕೇಳ್ರಿ."

"ಡ್ರೈವರ್ ಏನ ಹೇಳ್ತಾನ ಅಂತ ನನಗ ಗೊತ್ತಿಲ್ಲೇನ?" ಎಂದು ರೇಗಿದೆ.

"ನಿಮಗ ಹೇಳಲಾರದ ಇನ್ನ್ಯಾರಿಗಿ ಹೇಳ್ತಾನ? ನೀವೂ ಡ್ರೈವರಽ ಅಲ್ಲ?"

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ಕೇಳ ಅಪ್ಪಾ," ಎಂದಳು, "ಹುಡಗ ಹೆಂಗ ಅದಾನ ಅಂತ ನಾ ಅರ್ಧಾ ತಾಸಿನ್ಯಾಗ ಹೆಂಗ ತಿಳ್ಕೊಳ್ಳಿ?"

ಅವರು ಊರಿನದೇ ಒಂದು ಹಳೆಯ ಕ್ರೂಸರ್‌ನಲ್ಲಿ ಬಂದರು. ಡ್ರೈವರನಿಗೆ ಮೂವತ್ತೈದು ಇರಬಹುದು. ಅವರ ಪಕ್ಕದ ಮನೆಯವನಂತೆ, ಎಲ್ಲಿಗೆ ಹೋಗುವುದಿದ್ದರೂ ಅವನನ್ನೇ ಕರೆಯುತ್ತಾರಂತೆ. ಒಳಗೆ ಚಹಾ ಆಗುವಾಗ ನಾನು ಅವಲಕ್ಕಿ ತಟ್ಟೆ ಹಿಡಿದು ಹೊರಗೆ ಬಂದೆ. ತಟ್ಟೆ ಕೊಟ್ಟು ಅವನ ಎದುರಿನ ಕಟ್ಟೆಯ ಮೇಲೆ ಕೂತೆ. ರಸ್ತೆಯ ಬಗ್ಗೆ ಮಾತಾಡಿದೆವು, ಟ್ರ್ಯಾಕ್ಟರುಗಳ ಬಗ್ಗೆ ಮಾತಾಡಿದೆವು. ಕೊನೆಗೆ ಕೇಳಿದೆ.

"ಛಲೋ ಮಂದಿರಿ ಕಾಕಾ," ಎಂದ. "ಏನೂ ಕಾಳಜಿ ಮಾಡಬ್ಯಾಡ್ರಿ."

ನಾನು ಹೇಳಿದ ಮಾತೇ ನನ್ನ ಅಂಗಳದಲ್ಲಿ ನನಗೆ ಸಿಕ್ಕಿತ್ತು. ಇದರಲ್ಲಿ ಏನಿದೆ, ಏನಿಲ್ಲ ಎಂದು ಹೇಗೆ ತಿಳಿಯುವುದು? ಬೇರೇನೂ ತೋಚದೆ ಹೇಳಿದೆ: "ನಾನೂ ಡ್ರೈವರಽ ಅದೀನಪಾ. ಇಪ್ಪತ್ತಾರ ವರ್ಸ ಆತು."

ಅವನು ಚಮಚೆ ನಿಲ್ಲಿಸಿ ನನ್ನನ್ನು ನೋಡಿದ. "ಮೊದಲಽ ಹೇಳಬಾರ್ದೇನ್ರಿ ಕಾಕಾ?" ಎಂದು ಕಾಲು ಚಾಚಿ ಕೂತ. ಆಮೇಲೆ ಶುರುವಾಯಿತು ಅವನ ಬೈಗುಳ.

"ಆ ಹುಡಗನ್ನ ಕರಕೊಂಡ ಎಲ್ಲಿಗೂ ಹೋಗೂ ಹಂಗಿಲ್ರಿ. ದಾರ್‍ಯಾಗ ಒಂದ ಕರಾ ಕುಂಟಿದ್ರ ಗಾಡಿ ನಿಂದ್ರಸ ಅಂತಾನ. ಇವತ್ತ ನಿಮ್ಮ ಮನಿಗಿ ತಡಾ ಆಗಿದ್ದ ಯಾಕ? ಹೊಸ ಅಂಗಿ ಹಾಕ್ಕೊಂಡ ಯಾರದೋ ಆಕಳ ಕಾಲ ಹಿಡದ ನಿಂತಿದ್ದ! ಆ ಮುದುಕಂತೂ ನಲವತ್ತರ ಮ್ಯಾಲ ಮುಳ್ಳ ಏರಿದ್ರ ಹೆಗಲಿಗಿ ಗುದ್ದತಾನ. ಅವ್ವಾರು ನನ್ನ ತಂಬಾಕದ ಚೀಟ ಕಸಗೊಂಡ ಹೊಳಿಗಿ ಒಗದ್ರು. ಒಬ್ಬಾಂವ ಹೊರಗ ಕುಂತ ಉಣ್ಣಾಕ ಬಿಡಂಗಿಲ್ಲ, ಬಾ ಒಳಗ ಅಂತ ಎಳಕೊಂಡ ಹೋಗ್ತಾರ. ನನಗ ಸಾಕಾಗಿ ಹೋಗೈತಿ ನೋಡ್ರಿ!"

ನಾನು ನಗತೊಡಗಿದೆ. ನಗುತ್ತ ಕಣ್ಣು ಒರೆಸಿಕೊಂಡೆ. ಬೇರೆಯವರಿಗೆ ಇದು ಗೊತ್ತಾಗುವುದಿಲ್ಲ: ಮನೆಯವರಿಗೆ ಹೆದರುವ ಡ್ರೈವರ್ ಅವರನ್ನು ಹೊಗಳಿ ಸುಮ್ಮನಾಗುತ್ತಾನೆ. ಬಾಯಿತುಂಬ ಬೈಯುವವನಿಗೆ ಆ ಮನೆಯಲ್ಲಿ ಹೆದರಿಕೆ ಇಲ್ಲ. ನಿಪ್ಪಾಣಿಯ ಒಂಬತ್ತು ವರ್ಷದಲ್ಲಿ ನಾನು ಮಾಲೀಕರನ್ನು ಒಂದು ಸಲವೂ ಬೈದವನಲ್ಲ.

ಅವನು ತಟ್ಟೆ ಕೆಳಗಿಟ್ಟು ಧ್ವನಿ ತಗ್ಗಿಸಿದ. "ಇನ್ನೊಂದ ಐತ್ರಿ. ಎರಡ ವರ್ಸದ ಹಿಂದ ಇವಂದ ಒಂದ ಕಡೆ ನಿಶ್ಚಯ ಆಗಿ ಮುರದೈತಿ. ಹುಡಗಿಗಿ ಹಳ್ಳಿ ಬ್ಯಾಡಾಗಿತ್ತು, ಇವರದೇನ ತಪ್ಪಿಲ್ಲ. ಆದ್ರ ಒಳಗ ಹೇಳ್ತಾರೋ ಇಲ್ಲೋ. ನೀವು ಕೇಳ್ರಿ. ನಾ ಹೇಳಿದೆ ಅಂತ ಗೊತ್ತಾದ್ರೂ ನಡೀತೈತಿ."

ನಾನು ಒಳಗೆ ಹೋದೆ. ಕೇಳುವ ಪ್ರಸಂಗವೇ ಬರಲಿಲ್ಲ. ಹುಡುಗನ ತಂದೆ ನನ್ನ ಹೆಂಡತಿಯ ಮುಂದೆ ಅದೇ ಸಂಗತಿಯನ್ನು, ಹೆಚ್ಚೂಕಡಿಮೆ ಅದೇ ಮಾತಿನಲ್ಲಿ ಹೇಳುತ್ತಿದ್ದರು. ಅವರು ಹೋದ ಮೇಲೆ ಮಗಳು ನನ್ನ ಹತ್ತಿರ ಬಂದು ಡ್ರೈವರ್ ಏನೆಂದ ಎಂದು ಕೇಳಿದಳು. ಎಲ್ಲ ಹೇಳಿದೆ. ಆಕಳ ಕಾಲಿನ ಸುದ್ದಿಗೆ ಅವಳು ನಕ್ಕಳು. ಮಾಘದಲ್ಲಿ ಮದುವೆ ಎಂದು ನಿಶ್ಚಯವಾಯಿತು.

ಸಂತೋಷಪಡಬೇಕಾದ ಕಾಲ. ಬಟ್ಟೆ, ಪಾತ್ರೆ, ಮಂಟಪ ಎಂದು ಹೆಂಡತಿ ಓಡಾಡುತ್ತಿದ್ದಳು. ನನಗೆ ಮಾತ್ರ ರಾಯಬಾಗದಲ್ಲಿ ಗಾಡಿಯಲ್ಲಿ ಮಲಗಿದಾಗಲೆಲ್ಲ ಆ ಬಿಳಿ ಟೊಪ್ಪಿಗೆ ಕಣ್ಣಿಗೆ ಬರುತ್ತಿತ್ತು. ಡ್ರೈವರನ ಮಾತು ತೂಗಿ ನೋಡಲು ನನಗೆ ಬಂತು, ನಾನೇ ಡ್ರೈವರನಾಗಿದ್ದೆ. ಎಮ್ಮೆ ಕಾಯುವ ಆ ಮನುಷ್ಯ ನನ್ನ ಮಾತನ್ನು ಹೇಗೆ ತೂಗಬೇಕಿತ್ತು? ಕೊನೆಗೆ ಲಗ್ನಪತ್ರಿಕೆ ಅಚ್ಚಾಗಿ ಬಂದ ಮರುದಿನ, ಒಂದು ಪತ್ರಿಕೆ ತೆಗೆದುಕೊಂಡು ಸದಲಗಾದ ಬಸ್ಸು ಹತ್ತಿದೆ. ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಯಾರ ಎದೆ ಎಂದು ಯೋಚಿಸಿರಲಿಲ್ಲ.

ಮನೆ ಹಾಗೆಯೇ ಇತ್ತು, ಎಮ್ಮೆ ಹೆಚ್ಚಾಗಿದ್ದವು. ಆ ಹುಡುಗಿಯ ತಂದೆ ಬಹಳ ಸೊರಗಿದ್ದರು, ಆದರೆ ನನ್ನನ್ನು ಗುರುತಿಸಿದರು. ಮಗಳು ಊರಿನ ಹಾಲಿನ ಡೇರಿಯಲ್ಲಿ ಬರೆಯುವ ಕೆಲಸ ಮಾಡುತ್ತಾಳಂತೆ. ಮತ್ತೆ ಮದುವೆ ಬೇಡವೆಂದಳಂತೆ. ಅವಳು ಡೇರಿಗೆ ಹೋಗಿದ್ದಳು. ಪತ್ರಿಕೆಯನ್ನು ಎರಡು ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. "ಛಲೋ ಆತ ತಮ್ಮಾ, ಇಷ್ಟ ದಿನಾ ಆದ್ರೂ ನೆನಪ ಇಟ್ಟಿ," ಎಂದರು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಗುರುವಾರದ್ದು, ಓಣಿಯದ್ದು, ಮಗುವಿನದ್ದು, ಅವತ್ತು ಇದೇ ಅಂಗಳದಲ್ಲಿ ಅವಲಕ್ಕಿ ತಿನ್ನುವಾಗ ನನಗೆ ಎಲ್ಲ ಗೊತ್ತಿತ್ತು ಎನ್ನುವುದನ್ನು. ಅವರು ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ನಿನಗ ಗೊತ್ತಿತ್ತು," ಎಂದರು ಆಮೇಲೆ.

"ಹೌದ್ರಿ."

"ಆಕಿಗೂ ಗೊತ್ತಿತ್ತೇನ, ನಿನಗ ಗೊತ್ತಿತ್ತು ಅಂತ?"

"ಗೊತ್ತಿತ್ರಿ."

"ಆಕಿ ನನ್ನ ಮುಂದ ಹೇಳಲಿಲ್ಲ ನೋಡ." ತಲೆ ಅಲ್ಲಾಡಿಸಿದರು. "ನಾ ಏನ ತಿಳಕೊಂಡಿದ್ದೆ ಗೊತ್ತೈತೇನ? ನನ್ನ ನಸೀಬ, ಗೊತ್ತಿಲ್ಲದಾಂವನ್ನ ಕೇಳಿದೆ ಅಂತ. ಗೊತ್ತಿದ್ದಾಂವ ಯಾರರೆ ಸಿಕ್ಕಿದ್ರ ನನ್ನ ಮಗಳು ಉಳೀತಿದ್ಲು ಅಂತ. ಇಷ್ಟ ವರ್ಸ ಅದನ್ನಽ ಹೇಳ್ಕೋತ ಬಂದೇನಿ."

ಗೊತ್ತಿದ್ದವನನ್ನೇ ಕೇಳಿದ್ದರು ಎಂದು ಅವರಿಗೆ ತಿಳಿಸಲು ನಾನು ಬಸ್ಸು ಹತ್ತಿ ಬಂದಿದ್ದೆ. ಆ ಮಜ್ಜಿಗೆಯ ದಿನ ಹೇಳಿದ್ದರೆ ಬೈದಾದರೂ ಸುಮ್ಮನಾಗುತ್ತಿದ್ದರೇನೋ.

ಅವರು ಪತ್ರಿಕೆ ಬಿಚ್ಚಿ, ದೂರ ಹಿಡಿದು, ಹುಡುಗನ ಊರು ಓದಿದರು. "ಉಗಾರ ಬುದ್ರುಕ," ಎಂದರು. ನಂತರ ಕೇಳಿದರು: "ನೀ ಕೇಳಿದ್ಯಾ, ಅವರ ಡ್ರೈವರ್‌ನ್ನ?"

"ಕೇಳಿದ್ನ್ರಿ."

"ಖರೇ ಹೇಳಿದ್ನಾ?"

"ಹೇಳಿದಾ."

ಪತ್ರಿಕೆಯನ್ನು ಮೊದಲಿನ ಹಾಗೆಯೇ ಮಡಚಿ ಜೇಬಿನಲ್ಲಿಟ್ಟುಕೊಂಡರು. ಗೋಡೆ ಹಿಡಿದು ಎದ್ದರು. ಎಮ್ಮೆಗಳಿಗೆ ಮೇವು ಹಾಕುವ ಹೊತ್ತಾಗಿತ್ತು.

"ನಿನಗ ಛಲೋ ಡ್ರೈವರ್ ಸಿಕ್ಕಾ ತಮ್ಮಾ," ಎಂದರು.